ಅಪ್‌ಡೇಟ್: ಅಮ್ಮನ ಫೋನ್ ಖರ್ಚಿಗೆ ಸರ್ಕಾರದ ಸಹಾಯ ಕೇಳಿದ್ದೆ

ಹೊಸನಗರ ಕಡೆಯವನು. ಬಿಪಿಎಲ್ ಕಾರ್ಡ್ ಇರುವ ಅಮ್ಮನ ರೀಚಾರ್ಜ್‌ಗೆ ಸರ್ಕಾರ ಏನಾದರೂ ಕೊಡುತ್ತದಾ ಅಂತ ಕೇಳಿದ್ದೆ. ನೇರವಾಗಿ ದುಡ್ಡು ಕೊಡುವ ಯೋಜನೆ ಯಾವುದೂ ಸಿಗಲಿಲ್ಲ. ಒಬ್ಬರು ಹೇಳಿದ ಲೈಫ್‌ಲೈನ್ ಯೋಜನೆ ಅಮೆರಿಕದ್ದು, ತಿಂಗಳಿಗೆ 9.25 ಡಾಲರ್‌ವರೆಗೆ ರಿಯಾಯಿತಿ, ಅಲ್ಲಿಯವರಿಗೆ ಮಾತ್ರ. ವಾಟ್ಸ್‌ಆ್ಯಪ್‌ನ ಉಚಿತ ರೀಚಾರ್ಜ್ ಲಿಂಕ್ ಒಟಿಪಿ ಕೇಳಿತು, ಅಲ್ಲಿಗೇ ಬಿಟ್ಟೆ.

ಕೆಲಸಕ್ಕೆ ಬಂದದ್ದು ಡೇಟಾ ಇಲ್ಲದ ಪ್ಯಾಕ್ ಹುಡುಕಿ ಅಂದವರ ಮಾತು. ಕರೆ ಮತ್ತು ಎಸ್ಸೆಮ್ಮೆಸ್ ಮಾತ್ರ ಇರುವ ಪ್ಯಾಕ್ ಒಂದಾದರೂ ಇಡಲೇಬೇಕು ಅಂತ ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್ 2024ರ ಡಿಸೆಂಬರ್‌ನಲ್ಲೇ ಕಂಪನಿಗಳಿಗೆ ನಿಯಮ ಮಾಡಿದೆ, ನನಗೆ ಗೊತ್ತೇ ಇರಲಿಲ್ಲ! ಅಂಗಡಿಯವರು ಡೇಟಾ ಪ್ಯಾಕೇ ತೋರಿಸುತ್ತಿದ್ದರು, ಆ್ಯಪ್‌ನಲ್ಲಿ ಪೂರ್ತಿ ಕೆಳಗೆ ಹೋದಾಗ ಸಿಕ್ಕಿತು. ಕೀಪ್ಯಾಡ್ ಫೋನಿಗೆ ಡೇಟಾ ಸುಮ್ನೆ ದಂಡ ಅಲ್ವಾ? ಮಳೆಗಾಲದಲ್ಲಿ ಕರೆಂಟ್ ಜೊತೆ ಟವರೂ ಹೋಗುತ್ತದೆ, ಅದಕ್ಕೆ ಯಾವ ಪ್ಯಾಕೂ ಇಲ್ಲ ಬಿಡಿ.