ನಾಬ್ ಮುಟ್ಟದಿದ್ರೂ ಫಿಲ್ಟರ್ ಕುಣೀತಿದೆ, ಯಾರಾದ್ರೂ ನೋಡಿ

ತುಂಗಾತೀರ (ತೀರ್ಥಹಳ್ಳಿ): ಮಂಡೆ ಬಿಸಿ ಆಗಿದೆ ಮಾರಾಯ್ರೆ. ಪ್ರೋ ಮೈಕ್ರೋ (ಪುಟ್ಟ ಆರ್ಡುಯಿನೋ ಥರದ ಬೋರ್ಡು) ಹಾಕಿ ಮಿಡಿ ಕಂಟ್ರೋಲರ್, ಅಂದ್ರೆ ನಾಬ್ ತಿರುಗ್ಸಿ ಕಂಪ್ಯೂಟರಿನ ಸಂಗೀತ ಆಡಿಸೋ ಡಬ್ಬಿ, ಕಟ್ಟಿದೀನಿ. ರೀಪರ್‌ನಲ್ಲಿ (ರೆಕಾರ್ಡಿಂಗ್ ಸಾಫ್ಟ್‌ವೇರ್) ಕೈ ಹಚ್ಚದಿದ್ರೂ ಸಿಸಿ 74, ಅಂದ್ರೆ ಫಿಲ್ಟರ್ ನಾಬಿನ ಸಂದೇಶ, ಬರ್ತಾನೇ ಇರುತ್ತೆ: 63, 64, 63, ಒಮ್ಮೊಮ್ಮೆ ಸೀದಾ 90. ವೈರಿಂಗ್ ಸರಿ ಇದೆ, ಅದೊಂದು ಕೇಳ್ಬೇಡಿ.

ಬೆಸುಗೆಭಟ್ಟ: ಮಳೆಗಾಲ ಅಲ್ವಾ, ಪಾಟ್ (ನಾಬ್ ಕೆಳಗಿನ ತಿರುಗೋ ರೆಸಿಸ್ಟರ್) ಒಳಗೆ ಥಂಡಿ ಹಿಡಿದಿದೆ. ಕಾಂಟ್ಯಾಕ್ಟ್ ಕ್ಲೀನರ್ ಹೊಡೀರಿ.

ತುಂಗಾತೀರ: ಹೊಡ್ದಾಯ್ತು. ಹಂಗೇ ಇದೆ.

ಬೆಸುಗೆಭಟ್ಟ: ಹಂಗಾದ್ರೆ ಬಿಚ್ಚಿ ಒಂದಿನ ಅಕ್ಕಿ ಡಬ್ಬಿಲಿಡಿ. ಆಗುಂಬೆ ಕಡೆ ನಾವು ಮಾಡೋದೇ ಅದು.

ಸಾಗರದವ: ಭಟ್ರೆ, ಥಂಡಿ ಬಿಡಿ. ಅನಲಾಗ್ ಓದು (ಪಾಟಿನ ವೋಲ್ಟೇಜಿಗೆ ಬೋರ್ಡು ಕೊಡೋ ಅಂಕಿ) 0ರಿಂದ 1023, ಮಿಡಿಗೆ 0ರಿಂದ 127. ಎಂಟು ಅಂಕಿ ಸೇರಿ ಒಂದು. ಪಾಟ್ 511-512ರ ಗಡೀಲಿ ನಿಂತ್ರೆ 63-64 ಆಗೇ ಆಗುತ್ತೆ. ಹಳೇ ಓದಿಗಿಂತ ಐದಾರು ಬದಲಾಗೋ ತನಕ ಕೋಡ್ ಏನೂ ಕಳಿಸಬಾರದು. ಆದ್ರೆ ಆ 90 ಬೇರೆ ರೋಗ. ಒಟ್ಟು ಎಷ್ಟು ನಾಬ್?

ತುಂಗಾತೀರ: 16.

ಸಾಗರದವ: ಪ್ರೋ ಮೈಕ್ರೋಲಿ ಅಷ್ಟು ಅನಲಾಗ್ ಪಿನ್ ಎಲ್ಲಿದೆ?

ತುಂಗಾತೀರ: ಮಧ್ಯೆ 4067 (16 ನಾಬನ್ನ ಸರದಿಯಲ್ಲಿ ಒಂದೇ ಪಿನ್ನಿಗೆ ಜೋಡಿಸೋ ಚಿಪ್ಪು) ಇದೆಯಲ್ಲ. 16 ನಾಬ್ ಅಂದ್ಮೇಲೆ ಅದೂ ಹೇಳ್ಬೇಕಾ?

ಸಾಗರದವ: ಹೇಳ್ಬೇಕು! ಅದರ ಇಎನ್ ಕಾಲು (ಚಿಪ್ಪನ್ನ ಆನ್-ಆಫ್ ಮಾಡೋದು) ಎಲ್ಲಿಗೆ ಹೋಗಿದೆ?

ತುಂಗಾತೀರ: ಎಲ್ಲಿಗೂ ಇಲ್ಲ. ವಿಡಿಯೋದಲ್ಲೂ ಹಾಗೇ ಬಿಟ್ಟಿದ್ರು.

ಸಾಗರದವ: ಕೆಲವು ಬೋರ್ಡಲ್ಲಿ ಒಳಗೇ ರೆಸಿಸ್ಟರ್ ಹಾಕಿ ಗ್ರೌಂಡಿಗೆ ಎಳೆದಿರ್ತಾರೆ, ಕೆಲವದ್ರಲ್ಲಿ ಇರಲ್ಲ. ಗ್ರೌಂಡಿಗೆ ಬೆಸೆದು ನೋಡಿ.

ಗುಡ್ಡದಮನೆ: ಪ್ರೋ ಮೈಕ್ರೋ ಬದಲು ಟೀನ್ಸಿ 4.1 ಬೋರ್ಡು ತಗೊಳ್ಳಿ, ಈ ರಗಳೆನೇ ಇಲ್ಲ. 18 ಅನಲಾಗ್ ಪಿನ್. ನನ್ನದು ಹಲಸಿನ ಮರದ ಬಾಕ್ಸು, ತಾನೇ ಸರಿಯೋ ಮೋಟರ್ ಫೇಡರ್ ಬೇರೆ.

ಬೆಸುಗೆಭಟ್ಟ: ಟೀನ್ಸಿ ಪಿನ್ನಿಗೆ 3.3 ವೋಲ್ಟ್ ಮಾತ್ರ. ಇವರ 5 ವೋಲ್ಟ್ ವೈರಿಂಗ್ ಹಂಗೇ ಚುಚ್ಚಿದ್ರೆ ಹೊಗೆ.

ಗುಡ್ಡದಮನೆ: ಅಷ್ಟು ಗೊತ್ತಿಲ್ದೆ ಕಟ್ಟಿದೀನಾ ಭಟ್ರೆ?

ತುಂಗಾತೀರ: ಬೆಸೆದೆ, 90 ಹೋಯ್ತು! ಆದ್ರೆ ಈಗ 12ನೇ ನಾಬ್ ತಿರುಗ್ಸಿದ್ರೆ 13ನೇದೂ ಚೂರು ಅಲ್ಲಾಡುತ್ತೆ.

ಸಾಗರದವ: ಪಾಟ್ ಎಷ್ಟು ಕೆ (ಕಿಲೋ ಓಮ್)?

ತುಂಗಾತೀರ: 100ಕೆ. ಗಿಟಾರ್ ಪೆಡಲ್‌ಗೆ ತಂದಿದ್ದು ಉಳಿದಿತ್ತು.

ಸಾಗರದವ: ಅದೇ ಮತ್ತೆ. ಪ್ರೋ ಮೈಕ್ರೋ ಚಿಪ್ಪಿಗೆ 10ಕೆ ಒಳಗಿದ್ರೆ ಒಳ್ಳೇದು, ಇಲ್ಲಾಂದ್ರೆ ಹಿಂದಿನ ಚಾನೆಲ್ಲಿನ ವೋಲ್ಟೇಜ್ ಪೂರ್ತಿ ಇಳಿಯೋ ಮೊದಲೇ ಮುಂದಿನದನ್ನ ಓದುತ್ತೆ. ಲೀನಿಯರ್ ಬಿ10ಕೆ ಹಾಕಿ. ಅಲ್ಲೀತನಕ ಚಾನೆಲ್ ಬದಲಾದ ಮೇಲಿನ ಮೊದಲ ಓದು ಬಿಸಾಕಿ, ಎರಡನೇದು ತಗೊಳ್ಳಿ. ಪ್ರತಿ ಪಾಟಿನ ನಡುಕಾಲಿಂದ ಗ್ರೌಂಡಿಗೆ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿ. 4067ರ ಕಾಮನ್ (ಎಲ್ಲ ಚಾನೆಲ್ ಸೇರೋ) ಕಾಲಿಗೆ ಮಾತ್ರ ಹಾಕ್ಬೇಡಿ, ಇನ್ನೂ ಕೆಡುತ್ತೆ.

ತುಂಗಾತೀರ: ಶಿವಮೊಗ್ಗದಲ್ಲಿ ಬಿ10ಕೆ 16 ಒಂದೇ ಕಡೆ ಸಿಗುತ್ತಾ?

ಬೆಸುಗೆಭಟ್ಟ: ಗುಡ್ಡದಮನೆ, ಆ ಹಲಸಿನ ಹಲಗೆ ಎಲ್ಲಿ ಕೊಯ್ಸಿದ್ರಿ? ನನ್ನ ಕೀಬೋರ್ಡ್ ಸ್ಟ್ಯಾಂಡಿಗೆ ಬೇಕಿತ್ತು.