ಮಂಗಳದಲ್ಲಿ ಸಿಕ್ಕಿಬಿದ್ದವಳ ಕಥೆ, ಆದರೆ ಪೂರ್ತಿ ಭೂಮಿಯಿಂದ ಕೇಳಿಸಬೇಕು: ಆಡಿಯೊ ನಾಟಕಕ್ಕೆ ಸಲಹೆ ಬೇಕು

ಕಿವಿಗೊಟ್ಟವ (ಪ್ರಶ್ನೆ)

25 ನಿಮಿಷದ ಸೈನ್ಸ್ ಫಿಕ್ಷನ್ ಆಡಿಯೊ ಕಥೆ. ಎಳೆ ಎಲ್ಲರಿಗೂ ಗೊತ್ತಿರುವುದೇ: ಮಂಗಳದಲ್ಲಿ ಒಬ್ಬಳೇ ಉಳಿದ ಗಗನಯಾತ್ರಿ, ಸೋರುತ್ತಿರುವ ಆಮ್ಲಜನಕದ ಟ್ಯಾಂಕ್. ನಾನು ಬದಲಿಸಿರುವುದು ಒಂದೇ. ಕೇಳುಗರು ಮಂಗಳಕ್ಕೆ ಹೋಗುವುದೇ ಇಲ್ಲ, ಬೆಂಗಳೂರು ಹತ್ತಿರದ ಬ್ಯಾಲಾಳುವಿನ ಇಸ್ರೊ ಕಂಟ್ರೋಲ್ ರೂಮಿನಲ್ಲಿ ಕೂತವರಿಗೆ ಏನು ಕೇಳಿಸುತ್ತದೋ ಅಷ್ಟೇ ಇವರಿಗೂ. ದೂರ 22.5 ಕೋಟಿ ಕಿ.ಮೀ. ಎಂದು ಇಟ್ಟುಕೊಂಡಿದ್ದೇನೆ.

ರೇಡಿಯೊ ಸಂಕೇತ ಅಷ್ಟು ದೂರ ಮುಟ್ಟಲು ಒಂದು ಕಡೆಗೇ ಹಲವು ನಿಮಿಷ ವಿಳಂಬ ಇದ್ದರೆ ಸಂಭಾಷಣೆ ಬರೆಯುವುದು ಹೇಗೆ? ಇನ್ನೊಂದು, ಅವಳ ದನಿ ರೇಡಿಯೊದಲ್ಲಿ ಬಂದಂತೆ ಇರಬೇಕು. ಕರಕರ ಸದ್ದು ಬೆರೆಸಿದರೆ ಮಾತೇ ಅರ್ಥವಾಗುತ್ತಿಲ್ಲ. ಎಡಿಟಿಂಗ್ ಆಡಾಸಿಟಿ ಸಾಫ್ಟ್‌ವೇರ್‌ನಲ್ಲಿ.

ಬೆಳಕಿನ_ವೇಗ

ಮೊದಲು ಜಾಗ ಸರಿಮಾಡಿಕೊಳ್ಳಿ. ಬ್ಯಾಲಾಳುವಿನಲ್ಲಿ ಇರುವುದು 32 ಮೀಟರ್ ಮತ್ತು 18 ಮೀಟರ್ ಆಂಟೆನಾಗಳು. ಮಂಗಳಯಾನವನ್ನು ನಡೆಸಿದ ಕಾರ್ಯಾಚರಣೆ ಕೇಂದ್ರ ಇದ್ದದ್ದು ಬೆಂಗಳೂರಿನ ಪೀಣ್ಯದಲ್ಲಿ. ನಿಮ್ಮ ಪಾತ್ರಗಳನ್ನು ಅಲ್ಲಿ ಕೂರಿಸಿ. ಘಟನೆಯೂ ಬೆಂಗಳೂರಿನ ಆಕಾಶದಲ್ಲಿ ಮಂಗಳ ಇರುವ ಹೊತ್ತಿನಲ್ಲೇ ನಡೆಯಲಿ. ಇಲ್ಲದಿದ್ದರೆ ಗೋಲ್ಡ್‌ಸ್ಟೋನ್, ಮ್ಯಾಡ್ರಿಡ್, ಕ್ಯಾನ್‌ಬೆರಾ ಎಂದು ನಾಸಾದವರ ಡಿಶ್ ಬೇಡಿಕೊಳ್ಳುವ ದೃಶ್ಯ ಬರೆಯಬೇಕಾಗುತ್ತದೆ.

22.5 ಕೋಟಿಯನ್ನು ಬೆಳಕಿನ (ರೇಡಿಯೊ ಸಂಕೇತದ್ದೂ ಅದೇ) ವೇಗವಾದ ಸೆಕೆಂಡಿಗೆ 3 ಲಕ್ಷ ಕಿ.ಮೀ.ಯಿಂದ ಭಾಗಿಸಿದರೆ 750 ಸೆಕೆಂಡ್, ಅಂದರೆ ಹನ್ನೆರಡೂವರೆ ನಿಮಿಷ. ಇಷ್ಟು ದೂರದಲ್ಲಿ ಪ್ರಶ್ನೆ-ಉತ್ತರದ ಸಂಭಾಷಣೆ ಸಾಧ್ಯವೇ ಇಲ್ಲ, ಅದನ್ನು ಕೈಬಿಡಿ. ಇಲ್ಲಿ ಇರುವುದು ದಾರಿಯಲ್ಲಿ ಒಂದನ್ನೊಂದು ದಾಟಿಹೋಗುವ ಸಂದೇಶಗಳು. ಬರೆಯುವ ಮುಂಚೆ ಹಾಳೆಯಲ್ಲಿ ನಾಲ್ಕು ಕಾಲಂ ಹಾಕಿ: ಮಂಗಳದಲ್ಲಿ ಹೇಳಿದ್ದು, ಭೂಮಿಗೆ ಕೇಳಿದ್ದು, ಭೂಮಿಯಿಂದ ಹೋದದ್ದು, ಮಂಗಳಕ್ಕೆ ತಲುಪಿದ್ದು. ಎಲ್ಲಕ್ಕೂ ಗಡಿಯಾರ ಒಂದೇ.

0:00ಕ್ಕೆ ಅವಳು "ಎಡ ಟ್ಯಾಂಕ್ ಸೋರ್ತಿದೆ" ಅನ್ನುತ್ತಾಳೆ. ಇಲ್ಲಿ ಕೇಳುವುದು 12:30ಕ್ಕೆ. ಎರಡೂವರೆ ನಿಮಿಷ ಚರ್ಚಿಸಿ 15:00ಕ್ಕೆ "ಎಡ ಮುಚ್ಚಿ, ಬಲಕ್ಕೆ ಬದಲಾಯಿಸಿ" ಎಂದು ಕಳಿಸುತ್ತಾರೆ. ಅದು ತಲುಪುವುದು 27:30ಕ್ಕೆ. ಆದರೆ ಅವಳು 10:00ಕ್ಕೇ "ತಪ್ಪಾಯ್ತು, ಸೋರ್ತಿರೋದು ಬಲದ್ದು" ಅಂದಿದ್ದಾಳೆ, ಅದು ಇಲ್ಲಿಗೆ ಬರುವುದು 22:30ಕ್ಕೆ. ತಪ್ಪು ಆದೇಶ ಇನ್ನೂ ಐದು ನಿಮಿಷದ ದಾರಿ ದೂರದಲ್ಲಿದೆ, ಆದರೆ ಅದನ್ನು ಹಿಡಿಯಲು ಯಾವುದರಿಂದಲೂ ಆಗದು. ತಿದ್ದುಪಡಿ ಆಗಲೇ ಹೊರಟರೂ 35:00ಕ್ಕೆ ಮುಟ್ಟುತ್ತದೆ. ನಡುವೆ ಏಳೂವರೆ ನಿಮಿಷ. 27:30ಕ್ಕೆ ಏನಾಯಿತು ಎಂಬುದು ಭೂಮಿಗೆ ತಿಳಿಯುವುದು 40:00ಕ್ಕೆ. ನಿಮ್ಮ ನಾಟಕ ಇರುವುದು ಈ 22:30ರಿಂದ 40:00ರ ನಡುವೆಯೇ. ಹಿಂದಿನದನ್ನೆಲ್ಲ ಎಂಟು ನಿಮಿಷದಲ್ಲಿ ಮುಗಿಸಿ.

ತೂತು_ಹುಡುಕಾಂವ

ಲೆಕ್ಕ ಭಾರಿ ಐತ್ರಿ, ಆದ್ರ ಒಂದು ತೂತು ಉಳೀತು. ಬಲದ ಟ್ಯಾಂಕ್ ಸೋರೂದು ಅಕಿಗೆ ಹತ್ತನೇ ನಿಮಿಷಕ್ಕ ಗೊತ್ತೈತಿ. 27:30ಕ್ಕ "ಬಲಕ್ಕೆ ಬದಲಾಯಿಸು" ಅಂತ ಬಂದ್ರ ಅಕಿ ಯಾಕ ಕೇಳ್ತಾಳ? ನಕ್ಕು ಸುಮ್ನಾಗ್ತಾಳ. ಕಥಿ ಅಲ್ಲೇ ಖಲಾಸ್.

ಆದೇಶ ಮನುಷ್ಯಾರಿಗೆ ಹೋಗಬಾರ್ದು, ಯಂತ್ರಕ್ಕ ಹೋಗ್ಬೇಕು. ಮಂಗಳದಾಗ ಅಕಿ ಇರೂ ನೆಲಿ ಕಂಪ್ಯೂಟರ್ ಭೂಮಿ ಕಮಾಂಡ್ ಬಂದ ಕೂಡ್ಲೆ ವಾಲ್ವ್ ತಿರುಗಿಸ್ತೈತಿ ಅಂತ ಇಡ್ರಿ. ಇದೇನ್ ಕಟ್ಟುಕಥಿ ಅಲ್ಲ. 2014ರ ಸೆಪ್ಟೆಂಬರ್ 24ಕ್ಕ ಮಂಗಳಯಾನ ಕಕ್ಷೆ ಸೇರುವಾಗ ಕಮಾಂಡ್ ಎಲ್ಲಾ ಮೊದ್ಲ ತುಂಬಿಟ್ಟಿದ್ರು, ನೌಕೆ ತಾನಽ ಎಂಜಿನ್ ಉರಿಸ್ತು, ನಡುವ ಮಂಗಳದ ಮರಿಗೆ ಹೋಗಿ ಸಿಗ್ನಲ್ ಸಹಿತ ಇರ್ಲಿಲ್ಲ. ಮತ್ತ, ಕೈಲೆ ತಿರುಗಿಸೂ ವಾಲ್ವ್ ಹೊರಗಿನ ಗ್ವಾಡಿ ಮ್ಯಾಲ ಐತಿ, ಸೂಟ್ ಹಾಕ್ಕೊಳ್ಳದ ಹೋಗಾಕ ಆಗೂದಿಲ್ಲ ಅನ್ನೂದನ್ನ ಮೊದಲನೇ ಐದು ನಿಮಿಷದಾಗ ಯಾರ ಬಾಯಾಗರ ಒಂದು ಮಾತು ಹಾಕ್ರಿ. ಕಡೀಗೆ ಹೇಳಿದ್ರ ಮೋಸ ಆಗ್ತೈತಿ.

ಫೇಡರ್

ಕರಕರ ತೆಗೆದುಹಾಕಿ. ಅದು ಹಳೇ ಅನಲಾಗ್ ರೇಡಿಯೊದ್ದು. ಡಿಜಿಟಲ್ ಸಿಗ್ನಲ್ ಸಾಕಷ್ಟಿದ್ದರೆ ದನಿ ಸ್ವಚ್ಛವಾಗಿರುತ್ತೆ, ಒಂದು ಮಟ್ಟದಿಂದ ಕೆಳಗಿಳಿದರೆ ಪೂರ್ತಿ ಮಾಯ. ಹಾಗಾಗಿ ಕೆಟ್ಟ ಸಂಪರ್ಕ ತೋರಿಸೋಕೆ ಮಾತಿನ ನಡುವೆ 80ರಿಂದ 200 ಮಿಲಿಸೆಕೆಂಡಿನ ತುಂಡುಗಳನ್ನು ಸೈಲೆನ್ಸ್ ಮಾಡಿ, ಎರಡೂ ತುದಿಗೆ 2-3 ಮಿಲಿಸೆಕೆಂಡ್ ಫೇಡ್ ಕೊಡಿ. ಫೇಡ್ ಇಲ್ಲದಿದ್ದರೆ ಟಿಕ್ ಅಂತ ಸದ್ದು ಬಂದು ಎಡಿಟಿಂಗ್ ತಪ್ಪು ಅನ್ನಿಸುತ್ತೆ. ಕ್ರಿಯಾಪದದ ಮೇಲೆ ಕತ್ತರಿ ಹಾಕಬೇಡಿ. ನಮ್ಮಲ್ಲಿ "ಮುಚ್ಚಿದೆ", "ಮುಚ್ಚಿಲ್ಲ" ಎರಡಕ್ಕೂ ವ್ಯತ್ಯಾಸ ಇರೋದೇ ಕೊನೆಯಲ್ಲಿ. ಅದನ್ನೇ ಕಥೆಗೆ ಬಳಸೋ ಉದ್ದೇಶ ಇದ್ದರೆ ಮಾತ್ರ ಕತ್ತರಿಸಿ!

ದನಿಗೆ ಹೈ-ಪಾಸ್ (ತಗ್ಗು ಸದ್ದು ಕತ್ತರಿಸೋ ಫಿಲ್ಟರ್) 300 ಹರ್ಟ್ಸ್, ಲೋ-ಪಾಸ್ (ಚೂಪು ಸದ್ದು ಕತ್ತರಿಸೋದು) 3,400, ಎರಡಕ್ಕೂ ರೋಲ್-ಆಫ್ (ಕತ್ತರಿಸೋ ಕಡಿದು) 24 ಡಿಬಿ ಅನ್ನೋದು ಹಳೇ ಟೆಲಿಫೋನ್ ಸೂತ್ರ. ಅದರಲ್ಲಿ "ಸ", "ಶ" ಬೇರೆಬೇರೆಯಾಗಿ ಕೇಳೋದಿಲ್ಲ, ಹತ್ತು ನಿಮಿಷಕ್ಕೆ ಕಿವಿ ಸೋಲುತ್ತೆ. 200ರಿಂದ 5,000 ಇಡಿ. ಜೋರು-ಮೆಲುವಿನ ಅಂತರ ತಗ್ಗಿಸೋ ಕಂಪ್ರೆಸರ್ 4:1. ಡಿಸ್ಟಾರ್ಷನ್ ಬೇಕೇಬೇಕು ಅಂದರೆ ಫಿಲ್ಟರ್‌ಗಿಂತ ಮೊದಲು ಹಾಕಿ. ಆಮೇಲೆ ಹಾಕಿದರೆ ಕತ್ತರಿಸಿದ ಚೂಪು ಸದ್ದೆಲ್ಲ ವಾಪಸ್ ಬರುತ್ತೆ.

ಸೂಟಿನೊಳಗಿಂದ ಮಾತಾಡುವ ಕಡೆ ರಿವರ್ಬ್ ಬೇಡ, ಹೆಲ್ಮೆಟ್ ದೇವಸ್ಥಾನ ಅಲ್ಲ. 1 ಮಿಲಿಸೆಕೆಂಡಿನ ಒಂದೇ ಡಿಲೇ, ಮೂಲಕ್ಕಿಂತ 8 ಡಿಬಿ ಕಡಿಮೆ, ಸಾಕು. ಗಾಳಿಯ ಸದ್ದೂ ಬೇಡ. ಮಂಗಳದ ವಾಯುಒತ್ತಡ ಭೂಮಿಯದರ ಶೇ. 1ಕ್ಕಿಂತ ಕಡಿಮೆ, ಮೈಕ್ ಇರೋದು ಹೆಲ್ಮೆಟ್ ಒಳಗೆ.

ರೆಕಾರ್ಡಿಂಗ್ 48 ಕಿಲೋಹರ್ಟ್ಸ್, 24 ಬಿಟ್. ಮೈಕ್ ಬಾಯಿಂದ ಒಂದು ಗೇಣು, ಸ್ವಲ್ಪ ಓರೆಯಾಗಿ. ಇಲ್ಲದಿದ್ದರೆ "ಪ", "ಭ" ಬಂದಾಗಲೆಲ್ಲ ಢಬ್ ಅನ್ನುತ್ತೆ.

ಕಿವಿಗೊಟ್ಟವ

ಯಂತ್ರಕ್ಕೆ ಆದೇಶ ಹೋಗುವುದು ಸರಿ, ಹಾಗೇ ಮಾಡುತ್ತೇನೆ. 35:00ರಿಂದ 40:00ರವರೆಗೆ ಭೂಮಿಯಲ್ಲಿ ಮಾಡಲು ಏನೂ ಇಲ್ಲ. ಆ ಐದು ನಿಮಿಷ ಮೌನ ಇಡಬಹುದೆ?

ಹಳೇ_ಬಾನುಲಿ

ಐದು ನಿಮಿಷ ಖಂಡಿತ ಬೇಡ. 1938ರ ಅಕ್ಟೋಬರ್ 30ರಂದು ಅಮೆರಿಕದ ಸಿಬಿಎಸ್ ರೇಡಿಯೊದಲ್ಲಿ ಆರ್ಸನ್ ವೆಲ್ಸ್ ತಂಡ ಮಂಗಳವಾಸಿಗಳ ದಾಳಿಯ ಹಳೆಯ ಕಾದಂಬರಿಯನ್ನು ಇಂಗ್ಲೆಂಡಿನಿಂದ ನ್ಯೂಜೆರ್ಸಿಗೆ ತಂದು, ಸುದ್ದಿ ಪ್ರಸಾರದ ರೂಪದಲ್ಲಿ ಆಡಿತಲ್ಲ, ಅಲ್ಲಿ ವರದಿಗಾರನ ಮಾತು ತಟ್ಟನೆ ನಿಂತ ಮೇಲಿನ ಮೌನ ಕೆಲವೇ ಸೆಕೆಂಡು. ಅಷ್ಟಕ್ಕೇ ಎದೆ ಧಸಕ್ಕೆನ್ನುತ್ತದೆ, ಏಕೆಂದರೆ ಅದಕ್ಕೆ ಮುಂಚೆ ಎಡೆಬಿಡದ ಮಾತು, ಜನರ ಗದ್ದಲ.

ಇಂದು ಬಸ್ಸಿನಲ್ಲಿ ಇಯರ್‌ಫೋನ್ ಹಾಕಿಕೊಂಡವರಿಗೆ ಐದು ಸೆಕೆಂಡ್ ಸದ್ದಿಲ್ಲದಿದ್ದರೆ ನೆಟ್ ಹೋಯಿತು ಅನ್ನಿಸಿ ಫೋನ್ ತೆಗೆಯುತ್ತಾರೆ. ಆದ್ದರಿಂದ ಪೂರ್ತಿ ಸೈಲೆನ್ಸ್ ಎಲ್ಲಿಯೂ ಇಡಬೇಡಿ. ರೆಕಾರ್ಡಿಂಗ್ ಮುಗಿದ ಮೇಲೆ ಎಲ್ಲರನ್ನೂ ಸುಮ್ಮನೆ ಕೂರಿಸಿ ಒಂದು ನಿಮಿಷ ಕೋಣೆಯ ಸದ್ದನ್ನಷ್ಟೇ ಹಿಡಿದುಕೊಳ್ಳಿ, ಎ.ಸಿ. ಗುಂಯ್‌ಗುಡುವುದರ ಸಮೇತ. ಅದನ್ನು -50 ಡಿಬಿ ಆಸುಪಾಸಿನಲ್ಲಿ ಕಂಟ್ರೋಲ್ ರೂಮ್ ದೃಶ್ಯಗಳ ಅಡಿಗೆ ಹಾಸಿ. ಕಾಯುವ ಘಟ್ಟಕ್ಕೆ 40 ಸೆಕೆಂಡ್ ಸಾಕು: ಕುರ್ಚಿ ಕಿರುಗುಟ್ಟಿದ್ದು, ಯಾರೋ ಚಹಾ ಲೋಟ ಮೇಜಿನ ಮೇಲಿಟ್ಟದ್ದು, "ಇನ್ನು ಮೂರು" ಎಂಬ ಒಂದು ಮಾತು. ಸಂಗೀತ ಬೇಡ. ಹಾಕಿದರೆ ಮುಂದೇನಾಗುತ್ತದೆ ಎಂದು ನೀವೇ ಮೊದಲು ಹೇಳಿಬಿಟ್ಟಂತೆ.

ಪದಗಳ ಲೆಕ್ಕವನ್ನೂ ನೋಡಿಕೊಳ್ಳಿ. ಇಂಥ ತಡೆಗಳಿರುವ 25 ನಿಮಿಷಕ್ಕೆ 2,200 ಪದ ದಾಟಿದರೆ ನಟರು ಓಡತೊಡಗುತ್ತಾರೆ. ಕೊನೆಗೆ ಲೌಡ್‌ನೆಸ್ ನಾರ್ಮಲೈಸೇಷನ್ ತೆರೆದಾಗ ಆಡಾಸಿಟಿ ತಾನಾಗಿ -23 ಲಫ್ಸ್ (ಒಟ್ಟು ಸದ್ದು ಎಷ್ಟು ಜೋರು ಎಂಬುದರ ಅಳತೆ) ತೋರಿಸುತ್ತದೆ, ಅದು ಫೋನಿಗೆ ತೀರಾ ಮೆಲ್ಲಗೆ. ಸ್ಟೀರಿಯೊ ಆದರೆ -16 ಲಫ್ಸ್, ಶಿಖರ -1 ಡಿಬಿ ಮೀರದಂತೆ. ಮಿಕ್ಸ್ ಆದಮೇಲೆ ಒಮ್ಮೆ ಫೋನಿನ ಸ್ಪೀಕರಿನಲ್ಲೇ ಕೇಳಿ ನೋಡಿ. ಎ.ಸಿ. ಸದ್ದು ಅದರಲ್ಲಿ ಪೂರ್ತಿ ಮಾಯವಾದರೆ ಇನ್ನು 4-5 ಡಿಬಿ ಏರಿಸಿ.