ಸಹಾಯ ಬೇಕು: ದೊಡ್ಡವರ ಓದು, ಬರಹ, ಲೆಕ್ಕಕ್ಕೆ ದಿನಬಳಕೆಯ ಕಾಗದಗಳು

ಎಲ್ಲರಿಗೂ ನಮಸ್ಕಾರ. ಮದ್ದೂರು ತಾಲ್ಲೂಕಿನ ನಮ್ಮೂರಲ್ಲಿ ಸ್ವಸಹಾಯ ಸಂಘದ ಅಕ್ಕಂದಿರಿಗೆ ಸಂಜೆ ಹೊತ್ತು ಓದು, ಬರಹ, ಲೆಕ್ಕ ಹೇಳಿಕೊಡುತ್ತಿದ್ದೇನೆ. ಕೇಂದ್ರ ಸರ್ಕಾರದ ಉಲ್ಲಾಸ್ ಸಾಕ್ಷರತಾ ಕಾರ್ಯಕ್ರಮ 15 ವರ್ಷ ತುಂಬಿದವರಿಗೇ ಇದೆ, ಅದರಲ್ಲಿ ಹಣಕಾಸಿನ ತಿಳಿವಳಿಕೆಯೂ ಸೇರಿದೆ. ಆದರೆ ಸುಮ್ನೆ ಪುಸ್ತಕ ಓದಿಸಿದರೆ ಕಲಿತದ್ದು ನಿಲ್ಲುವುದಿಲ್ಲ. ದಿನಾ ಕೈಗೆ ಸಿಗುವ ಕಾಗದ ಓದಿದರೆ ನಿಲ್ಲುತ್ತದೆ.

ಡೈರಿಗೆ ಹಾಲು ಹಾಕುವ ಪುಸ್ತಕವನ್ನೇ ನೋಡಿ. ತಾರೀಖು, ಲೀಟರ್, ಫ್ಯಾಟ್, ದರ, ಮೊತ್ತ ಎಲ್ಲಾ ಅದರಲ್ಲೇ ಇದೆ, ಅದೂ ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ. ಬಾಯಿಲೆಕ್ಕದಲ್ಲಿ ಇವರನ್ನು ಮೀರಿಸೋಕಾಗಲ್ಲ. ಬಟವಾಡೆ ಎಷ್ಟು ಬರಬೇಕು ಅಂತ ಥಟ್ಟನೆ ಹೇಳುತ್ತಾರೆ. ತೊಡಕಾಗುವುದು ಚುಕ್ಕಿಯಲ್ಲಿ. 4.5 ಅಂದರೆ ನಾಲ್ಕೂವರೆ ಲೀಟರ್. 4.05 ಅಂದರೆ ನಾಲ್ಕು ಲೀಟರ್ ಮೇಲೆ ಬರೀ 50 ಎಂ.ಎಲ್. ಅಳತೆ ಲೋಟದಲ್ಲಿ ನೀರು ಸುರಿದು ತೋರಿಸಿದ ಮೇಲೆ ಒಬ್ಬ ಅಕ್ಕ ತಾವೇ ಹಳೇ ಪುಟಗಳನ್ನು ತಿರುವಿ ಓದಿದರು. ಎಷ್ಟು ಖುಷಿಯಾಯಿತು ಗೊತ್ತಾ!

ನಿಮ್ಮಲ್ಲಿ ಬಸ್ ಟಿಕೆಟ್, ಬೀಜದ ಪ್ಯಾಕೆಟ್, ಕರೆಂಟ್ ಬಿಲ್, ಬ್ಯಾಂಕಿನ ಖಾಲಿ ಚಲನ್ ಇದ್ದರೆ ಫೋಟೋ ಹಾಕ್ತೀರಾ? ಹೆಸರು, ನಂಬರ್ ಮುಚ್ಚಿಬಿಡಿ. ದೊಡ್ಡದಾಗಿ ಪ್ರಿಂಟ್ ತೆಗೆಸುತ್ತೇನೆ, ನಲವತ್ತು ದಾಟಿದವರಿಗೆ ಸಣ್ಣ ಅಕ್ಷರ ಕಾಣಲ್ಲ ಅಲ್ವಾ.

ಇನ್ನೊಂದು ಮಾತು. ದೊಡ್ಡವರಿಗೆ ಒತ್ತಕ್ಷರ ಕಲಿಸಿದವರು ಇಲ್ಲಿ ಯಾರಾದರೂ ಇದ್ದೀರಾ? "ಅಕ್ಕಿ", "ರೊಟ್ಟಿ" ಸಲೀಸು. "ರಾಷ್ಟ್ರ", "ಅರ್ಜಿ" ಬಂದರೆ ನಿಂತುಬಿಡುತ್ತಾರೆ. ನೀವು ಹೇಗೆ ಮಾಡಿದಿರಿ ಅಂತ ದಯವಿಟ್ಟು ಬರೆಯಿರಿ.